ಬಿಡಿಭಾಗ ಬರುವವರೆಗೆ

ಜನವರಿ 8

ಪ್ರೀತಿಯ ಬಾಮೈದನಿಗೆ,

ಕ್ಷೇಮ ಅಂತ ಬರೆಯಲು ಕೂತೆ, ಕೈ ತಡೆಯಿತು. ನಾನು ಹೇಗೋ ಇದ್ದೇನೆ. ನಿನ್ನಕ್ಕನೂ ಡಾಕ್ಟರ ಪ್ರಕಾರ ಚೆನ್ನಾಗಿದ್ದಾಳೆ, ಗಂಟಲಿನ ಗಾಯ ಪೂರ್ತಿ ಒಣಗಿದೆ. ಕೆಟ್ಟು ಕೂತಿರುವುದು ಕಂಪ್ಯೂಟರ್ ಒಂದೇ.

ಫೋನ್ ಮಾಡುವುದು ಬಿಟ್ಟು ಇವರ್ಯಾಕೆ ಕಾಗದ ಗೀಚುತ್ತಿದ್ದಾರೆ ಅಂತ ನಿನಗನ್ನಿಸಬಹುದು. ಆಪರೇಷನ್ನಿನಲ್ಲಿ ಅವಳ ಧ್ವನಿಪೆಟ್ಟಿಗೆ ತೆಗೆದ ಮೇಲೆ ನಾನು ಮನೆಯೊಳಗೆ ಫೋನ್ ಹಿಡಿಯುವುದನ್ನೇ ಬಿಟ್ಟಿದ್ದೇನೆ. ಅವಳ ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ಕಿವಿ ಮಾತ್ರ ಮೊದಲಿಗಿಂತ ಚುರುಕು. ಅವಳೆದುರು ನಾನು ಹಲೋ ಹಲೋ ಅಂತ ಕಿರುಚಿಕೊಂಡರೆ ಎದ್ದು ಹಿತ್ತಲಿಗೆ ಹೋಗಿ ಇನ್ನೂ ಒದ್ದೆಯಿರುವ ಬಟ್ಟೆಗಳನ್ನು ಮಡಿಸತೊಡಗುತ್ತಾಳೆ. ಹೊಲಿಗೆ ಕ್ಲಾಸಿನಲ್ಲಿ ಮೂವತ್ತು ಹುಡುಗಿಯರನ್ನು ಒಂದೇ ಗದರಿಕೆಗೆ ಕೂರಿಸುತ್ತಿದ್ದವಳು. ನೋಡಲಾಗುವುದಿಲ್ಲ.

ಅದಕ್ಕೇ ಆ ಕಂಪ್ಯೂಟರ್ ಜೋಡಿಸಿಕೊಟ್ಟೆ. ಅವಳು ಟೈಪ್ ಮಾಡಿದ್ದನ್ನು ಅದು ಓದಿ ಹೇಳುತ್ತದೆ. ಯಾವಳೋ ಒಬ್ಬ ಹುಡುಗಿಯ ಧ್ವನಿ, ರಾಗವಿಲ್ಲ, ಏರಿಳಿತವಿಲ್ಲ, ಆದರೆ ಪಕ್ಕದ ಕೋಣೆಗೂ ಕೇಳುತ್ತದೆ. ಈಗ ಹದಿನೈದು ದಿನದಿಂದ ಅದು ಮಾತಿನ ಮಧ್ಯೆ ತಟಕ್ಕನೆ ಆರಿಹೋಗುತ್ತಿದೆ. ಮೊನ್ನೆ ಅವಳ ಹಳೆಯ ಶಿಷ್ಯೆಯರು ನೋಡಲು ಬಂದಿದ್ದಾಗ "ನೀವೆಲ್ಲ ಬಂದದ್ದು ನನಗೆ" ಅಂತ ಹೇಳಿ ಸತ್ತಿತು. ಆ ಹುಡುಗಿಯರು ಎಲ್ಲಿ ನೋಡಬೇಕೋ ತಿಳಿಯದೆ ಗೋಡೆ ನೋಡಿದರು. ನಾನು ಟಾರ್ಚ್ ಹಿಡಿದು ಮೇಜಿನ ಕೆಳಗೆ ನುಗ್ಗಿದೆ, ಅದೇ ನನಗೆ ಒದಗಿದ ದಾರಿ.

ಬಿಚ್ಚಿ ನೋಡಿದರೆ ಪವರ್ ಸಪ್ಲೈಯೊಳಗೆ ಒಂದು ಕೆಪಾಸಿಟರ್ ಹೊಟ್ಟೆ ಉಬ್ಬಿಸಿಕೊಂಡಿದೆ. ಇಲ್ಲಿ ಈ ಊರಲ್ಲಿ ಸಿಗುವುದೆಲ್ಲ ಹೊಚ್ಚ ಹೊಸದು, ನನಗೆ ಹೊಸದರ ಮೇಲೆ ನಂಬಿಕೆಯಿಲ್ಲ. ಸಾಯುವ ಭಾಗ ಮೊದಲ ಕೆಲವು ತಿಂಗಳಲ್ಲೇ ಸಾಯುತ್ತದೆ. ಅಷ್ಟು ದಾಟಿದ್ದು ಬಾಳುತ್ತದೆ. ಹೊಸತರಲ್ಲಿ ಎಲ್ಲವೂ ಒಳ್ಳೆಯವೇ. ಮದುವೆಯಾದ ಹೊಸತರಲ್ಲಿ ನಾನೂ ಒಳ್ಳೆಯವನೇ ಆಗಿದ್ದೆ, ಬೇಕಾದರೆ ನಿನ್ನಕ್ಕನನ್ನು ಕೇಳು.

ನಿಮ್ಮಲ್ಲಿ ಹಳೆಯ ಸಾಮಾನಿನ ಓಣಿಯಿದೆಯಲ್ಲ, ಅಲ್ಲಿ ನಾಲ್ಕಾರು ವರ್ಷ ದುಡಿದ ಒಂದು ಪವರ್ ಸಪ್ಲೈ ಹುಡುಕಿ ಕಳಿಸು. ಬೇಗ ಕಳಿಸು. ಅದು ನಿಂತರೆ ಅವಳ ಮಾತೇ ನಿಂತ ಹಾಗೆ.

ನಿನ್ನ ಭಾವ


ಜನವರಿ 17

ಭಾವ,

ಪಾರ್ಸೆಲ್ಲಿನಲ್ಲಿ ಪವರ್ ಸಪ್ಲೈ ಇದೆ. ಒಂದು ಆಫೀಸು ಮುಚ್ಚಿದಾಗ ಹೊರಬಿದ್ದದ್ದಂತೆ. ಅಂಗಡಿಯವನು "ಇದಕ್ಕೆ ಸಾವೇ ಇಲ್ಲ ಸಾರ್" ಅಂದ. ಅವನು ಎಲ್ಲದಕ್ಕೂ ಹಾಗೇ ಅನ್ನುತ್ತಾನೆ, ಆದ್ದರಿಂದ ನಾನೇ ಮೀಟರ್ ಹಿಡಿದು ನೋಡಿದೆ. ನೀವು ಕಲಿಸಿದ ಹಾಗೆ ಮೂರು ದಿನ ನನ್ನ ಕೋಣೆಯಲ್ಲಿ ಹಳೆಯ ಹೆಡ್‌ಲೈಟ್ ಬಲ್ಬುಗಳನ್ನು ಜೋಡಿಸಿ ಉರಿಸಿದೆ. ಬಿಸಿಯಾಯಿತೇ ಹೊರತು ಸೋಲಲಿಲ್ಲ. ಫ್ಯಾನ್ ಸ್ವಲ್ಪ ಗೊರಕೆ ಹೊಡೆಯುತ್ತದೆ, ಒಂದು ಹನಿ ಎಣ್ಣೆ ಬಿಡಿ.

ನಮ್ಮ ಕಡೆ ಕೆಲಸ ಹೆಚ್ಚು. ಲಿಫ್ಟ್ ಮೆಕ್ಯಾನಿಕ್ ಅಂದರೆ ಮೇಲಕ್ಕೂ ಕೆಳಕ್ಕೂ ಓಡಾಡುವುದೇ, ಅದರಲ್ಲೂ ಲಿಫ್ಟ್ ಕೆಟ್ಟಿರುತ್ತದಾದ್ದರಿಂದ ಮೆಟ್ಟಿಲಲ್ಲಿ. ಸಂಜೆ ಹೊತ್ತಿಗೆ ಮೊಣಕಾಲು ನನ್ನದಲ್ಲವೆನಿಸುತ್ತದೆ.

ಬರಬೇಕು ಅಂತ ತುಂಬಾ ಇದೆ ಭಾವ. ರಜೆ ಕೇಳಿದ್ದೇನೆ, ಈ ತಿಂಗಳು ಕೊಡುವ ಹಾಗೆ ಕಾಣುವುದಿಲ್ಲ. ಬರುವ ತಿಂಗಳು ನೋಡೋಣ. ಅಕ್ಕ ಊಟ ಸರಿಯಾಗಿ ಮಾಡುತ್ತಾಳಾ? ಆ ಕಂಪ್ಯೂಟರಿನ ಹುಡುಗಿ ಅಕ್ಕನ ಹಾಗೆ ಬೈಯುತ್ತಾಳಾ, ಇಲ್ಲ ಬೈಗುಳವನ್ನೂ ವರದಿ ಓದಿದ ಹಾಗೆ ಓದುತ್ತಾಳಾ?

ಅಕ್ಕನಿಗೆ ನಾನು ಕೇಳಿದೆ ಅಂತ ಹೇಳಿ.

ನಿಮ್ಮ ಬಾಮೈದ


ಫೆಬ್ರವರಿ 11

ಬಾಮೈದ,

ನಿನ್ನ ಪವರ್ ಸಪ್ಲೈ ಬಂದಿತು, ಹಾಕಿದೆ, ಓಡಿತು. ಒಂದು ವಾರ ರಾಜನ ಹಾಗಿದ್ದೆ. ಪಂಪ್‌ಹೌಸಿನಿಂದ ಕೆಲಸ ಮುಗಿಸಿ ಬಂದು ಒಳಕೋಣೆಯಲ್ಲಿ ಕೂತು ಬೇರೆ ಬೋರ್ಡುಗಳನ್ನು ಒರೆಸಿ, ತಿಕ್ಕಿ, ಒಂದಕ್ಕೆ ಆಪತ್ತು ಬಂದರೆ ಇನ್ನೊಂದು ಇರಲಿ ಅಂತ ಎರಡನೇ ಕಂಪ್ಯೂಟರನ್ನೇ ಜೋಡಿಸಲು ಹೊರಟಿದ್ದೆ. ಆಮೇಲೆ ಮತ್ತೆ ಅದೇ ರಗಳೆ. ಪಟ್ ಅಂತ ಆರುತ್ತದೆ. ನಾನು ಓಡಿಬಂದು ಬಗ್ಗಿ ನೋಡಿದರೆ ವೈರು ಬಿಗಿಯಾಗಿದೆ, ಹಿಂದಿನ ಸ್ವಿಚ್ಚು ಹಾಕೇ ಇದೆ. ಗುಂಡಿ ಒತ್ತಿದರೆ ತನಗೇನೂ ಗೊತ್ತಿಲ್ಲವೆಂಬಂತೆ ಎದ್ದು ಕೂರುತ್ತದೆ. ಪೂರ್ತಿ ಕೆಟ್ಟದ್ದನ್ನು ಸರಿಮಾಡಬಹುದು ಮಾರಾಯ. ಆಗಾಗ ಕೆಡುವುದು ಮನುಷ್ಯನನ್ನು ಹಣ್ಣು ಮಾಡುತ್ತದೆ.

ನಿನ್ನ ಸಾಮಾನಿನ ಮೇಲೆ ನನಗೆ ಗುಮಾನಿಯಿಲ್ಲ, ಮುನಿಸಿಕೊಳ್ಳಬೇಡ. ಈಗ ರ್‍ಯಾಮ್ ಮೇಲೆ ಕಣ್ಣು. ಹಳೆಯದೊಂದು ಜೋಡಿ ಸಿಕ್ಕರೆ ಕಳಿಸು. ಅಲ್ಲಿಯವರೆಗೆ ಕಂಪ್ಯೂಟರ್ ಬಿಚ್ಚಿಟ್ಟಿದ್ದೇನೆ. ಇನ್ನೊಬ್ಬರೆದುರು ಅದು ಅವಳ ಮಾತನ್ನು ಅರ್ಧಕ್ಕೆ ನುಂಗುವುದು ಬೇಡ.

ಅದಿಲ್ಲದ ದಿನಗಳು ಬಹಳ ಕಷ್ಟ. ಸಂಜೆ ಬೆಳಕಿರುವಾಗ ಕಿಟಕಿಯ ಹತ್ತಿರ ಎರಡು ಕುರ್ಚಿ ಎದುರುಬದುರು ಹಾಕಿಕೊಳ್ಳುತ್ತೇವೆ. ಅವಳು ತುಟಿ ಆಡಿಸುತ್ತಾಳೆ, ನಾನು ನೋಡುತ್ತಾ ಅರ್ಥವಾದಷ್ಟನ್ನು ಗಟ್ಟಿಯಾಗಿ ಹೇಳುತ್ತಾ ಹೋಗುತ್ತೇನೆ. ಸರಿಯಾದರೆ ತಲೆಯಾಡಿಸುತ್ತಾಳೆ, ತಪ್ಪಾದರೆ ಮೊಣಕಾಲ ಮೇಲೆ ಒಂದು ಹೊಡೆತ. ಮೊನ್ನೆ ಎದುರುಮನೆಯ ನರ್ಸಮ್ಮನ ಬಗ್ಗೆ ಏನೋ ಉದ್ದಕ್ಕೆ ಹೇಳಿದಳು, ನಾನು ಅದನ್ನು ಒಂದೊಂದೇ ಮಾತಾಗಿ ಬೀದಿಗೆ ಕೇಳುವ ಹಾಗೆ ಒದರಿದೆ. ಕಿಟಕಿ ಮುಚ್ಚಿ ಅಂತ ಅವಳು ಕೈಯಾಡಿಸುವ ಹೊತ್ತಿಗೆ ಎಲ್ಲ ಮುಗಿದಿತ್ತು. ಒಂದು ಗಂಟೆ ಹೀಗೆ ಕೂತರೆ ನನ್ನ ಕಣ್ಣು ಉರಿಯುತ್ತದೆ, ತಲೆ ಸಿಡಿಯುತ್ತದೆ. ಅವಳಿಗೂ ಹೀಗೆ ಒಬ್ಬರು ಬಾಯಿಯನ್ನೇ ದಿಟ್ಟಿಸುತ್ತಿದ್ದರೆ ಮುಜುಗರವೇ ಇರಬೇಕು. ಪಾಪ, ತೋರಿಸಿಕೊಳ್ಳುವುದಿಲ್ಲ.

ಸಾಕಾಗಿದೆಯಪ್ಪ. ರ್‍ಯಾಮ್ ಬೇಗ ಬರಲಿ.

ನಿನ್ನ ಭಾವ


ಫೆಬ್ರವರಿ 22

ಭಾವ,

ರ್‍ಯಾಮ್ ಜೋಡಿ ಕಳಿಸಿದ್ದೇನೆ. ತುದಿಗಳನ್ನು ರಬ್ಬರಿನಿಂದ ಒರೆಸಿದ್ದೇನೆ, ಆದರೂ ನೀವು ಇನ್ನೊಮ್ಮೆ ಒರೆಸುತ್ತೀರಿ ಅಂತ ಗೊತ್ತು. ಇಡೀ ರಾತ್ರಿ ಪರೀಕ್ಷೆಗೆ ಬಿಟ್ಟಿದ್ದೆ, ಒಂದು ತಪ್ಪೂ ಬರಲಿಲ್ಲ.

ಆಗಾಗ ಕೆಡುವುದರ ಬಗ್ಗೆ ನೀವು ಬರೆದದ್ದು ಓದಿ ನಗು ಬಂತು, ಯಾಕೆಂದರೆ ನನ್ನದೂ ಅದೇ ಪಾಡು. ಒಂದು ಹಳೆಯ ಕಟ್ಟಡದ ಲಿಫ್ಟ್ ದಿನಾ ಮಧ್ಯಾಹ್ನ ಮೂರನೇ ಮಹಡಿಯಲ್ಲಿ ನಿಂತುಬಿಡುತ್ತಿತ್ತು. ಬಾಗಿಲಿನ ಸ್ವಿಚ್ಚು ಬದಲಿಸಿದೆ, ರಿಲೇ ಬದಲಿಸಿದೆ. ಮೇಲಧಿಕಾರಿಗಳು ನನ್ನನ್ನು ತರಾಟೆಗೆ ತೆಗೆದುಕೊಂಡರು. ಕೊನೆಗೊಂದು ದಿನ ದೂರು ಬರುವ ಮೊದಲೇ ಹೋಗಿ ಮೆಟ್ಟಿಲಲ್ಲಿ ಕೂತೆ. ಮೂರನೇ ಮಹಡಿಯ ಅಜ್ಜಿ ನಿಧಾನಕ್ಕೆ ಬಂದು ಬಾಗಿಲ ಸಂದಿಗೆ ತನ್ನ ಚಪ್ಪಲಿ ಸಿಕ್ಕಿಸಿ ತನ್ನ ಮನೆಯೊಳಗೆ ಹೋದಳು. ಕೇಳಿದರೆ, "ಲಿಫ್ಟ್ ಕೆಟ್ಟರೆ ನೀನು ಬರ್ತೀಯಪ್ಪಾ, ಇಲ್ಲದಿದ್ದರೆ ಈ ಮಹಡಿಗೆ ಯಾರು ಬರ್ತಾರೆ" ಅಂದಳು. ಕಾಫಿ ಕೊಟ್ಟಳು, ಕುಡಿದು ಬಂದೆ. ವರದಿಯಲ್ಲಿ "ಸಂಪರ್ಕ ದೋಷ, ಸರಿಪಡಿಸಲಾಗಿದೆ" ಅಂತ ಬರೆದೆ.

ಈ ತಿಂಗಳೂ ರಜೆ ಸಿಗಲಿಲ್ಲ. ಅಕ್ಕನಿಗೆ ಬೇಜಾರು ಮಾಡಿಕೊಳ್ಳಬೇಡ ಅನ್ನಿ. ಕಂಪ್ಯೂಟರ್ ಸರಿಹೋಗಿ, ಅವಳು ಸರಾಗವಾಗಿ ಮಾತಾಡುವ ಹಾಗಾದಾಗಲೇ ಬಂದರೆ ಚೆನ್ನ ಅಂತಲೂ ನನಗೆ ಅನಿಸುತ್ತದೆ.

ನಿಮ್ಮ ಬಾಮೈದ


ಮಾರ್ಚ್ 3

ಏನೋ,

ಅಕ್ಕ ಬರೀತಿದ್ದೀನಿ. ನಿನ್ನ ಭಾವ ಪಂಪ್‌ಹೌಸಿಗೆ ಹೋಗಿದ್ದಾರೆ. ಪಾರ್ಸೆಲ್ ಒಡೆದು ಕಾಗದ ಮೊದಲು ಓದೋಳು ನಾನೇ, ಅದು ನಿನಗೂ ಗೊತ್ತು. ಚಪ್ಪಲಿ ಕಥೆ ಓದಿ ಸಿಕ್ಕಿಬಿದ್ದೆ ಅಂದುಕೊಂಡೆ. ಅದನ್ನ ನನಗೇ ಬರೆದದ್ದು ತಾನೇ? ಅಷ್ಟು ದೂರ ಕೂತು ಕಂಡುಹಿಡಿದುಬಿಟ್ಟೆಯಲ್ಲೋ ಕಳ್ಳ! ಇವರು ಅದನ್ನ ಎರಡು ಸಲ ಓದಿ, "ಸಂಪರ್ಕ ದೋಷ ಅಂತ ಹೇಳ್ತಿದ್ದಾನೆ, ಸಾಕೆಟ್ ನೋಡ್ಬೇಕು" ಅಂತ ಸ್ಕ್ರೂಡ್ರೈವರ್ ತಗೊಂಡು ಹೋದರು. ಇಂಥವರ ಜೊತೆ ಬಾಳ್ತಿದ್ದೀನಿ.

ಹೌದು, ನಾನೇ. ಮೊದಲನೇ ಸಲ ನಿಜವಾಗಿ ಕೆಟ್ಟಿತ್ತು, ಆಣೆಯಿಟ್ಟು ಹೇಳ್ತೀನಿ. ಆಮೇಲಿಂದೆಲ್ಲ ನಾನೇ. ಕಂಪ್ಯೂಟರಿನ ಡಬ್ಬ ಮೇಜಿನ ಕೆಳಗೆ ನನ್ನ ಕಾಲ ಹತ್ತಿರಾನೇ ಇರುತ್ತೆ. ಹಿಂದಿನ ಸ್ವಿಚ್ಚನ್ನ ಹೆಬ್ಬೆರಳಲ್ಲಿ ಒತ್ತಿದರೆ ಆರುತ್ತೆ. ಇವರು ಒಳಗಿಂದ ಓಡಿ ಬರೋದರೊಳಗೆ ಮತ್ತೆ ಒತ್ತಿಬಿಡ್ತೀನಿ. ಹೊಲಿಗೆ ಮಿಷನ್ ತುಳಿದ ಕಾಲು ಕಣೋ ಇದು.

ಯಾಕೆ ಅಂತೀಯಾ? ಅದು ಓಡ್ತಿರುವಾಗ ಇವರು ಒಳಕೋಣೆಯಲ್ಲಿರ್ತಾರೆ. ನಾನು ಮುಂದಿನ ಕೋಣೆಯಲ್ಲಿ ಟೈಪ್ ಮಾಡ್ತೀನಿ, ಆ ಹುಡುಗಿ ಕೂಗಿ ಹೇಳ್ತಾಳೆ, ಇವರು ಒಳಗಿಂದಲೇ ಹ್ಞೂಂ ಅಂತಾರೆ. ಬಂದವರೂ ಅಷ್ಟೇ, ನನ್ನ ಮುಖ ಬಿಟ್ಟು ಸ್ಪೀಕರ್ ನೋಡ್ಕೊಂಡು ಉತ್ತರ ಕೊಡ್ತಾರೆ. ಕೆಟ್ಟರೆ ಮಾತ್ರ, ನೀನು ಸಾಮಾನು ಕಳಿಸೋವರೆಗೂ, ದಿನಾ ಸಂಜೆ ಇವರು ಎದುರಿಗೆ ಬಂದು ಕೂರ್ತಾರೆ. ನಾನು ತುಟಿಯಲ್ಲಿ ಅಂದದ್ದನ್ನ ಇವರು ಬಾಯಿಬಿಟ್ಟು ಹೇಳ್ತಾರೆ. ನನ್ನ ಮಾತು, ಇವರ ಧ್ವನಿ. ಬೈಗುಳಾನೂ ಇವರ ಬಾಯಲ್ಲೇ ಇವರಿಗೆ ಬೈಸ್ತೀನಿ. ಎಷ್ಟು ಚೆನ್ನಾಗಿರುತ್ತೆ ಗೊತ್ತಾ? ಇಷ್ಟು ವರ್ಷದಲ್ಲಿ ಇವರು ನನ್ನ ಮುಖ ಇಷ್ಟು ಹೊತ್ತು ನೋಡಿದ್ದೇ ಇಲ್ಲ.

ಬಾಯಿಬಿಟ್ಟು ಹೇಳಿಬಿಡಬಾರದಾ ಅನ್ನಬೇಡ. ಬಾಯಿಯ ಮಾತು ಬಂದರೆ ನನಗೂ ನಗು ಬರುತ್ತೆ. ಅದೊಂದನ್ನ ನನ್ನ ಕೇಳಬೇಡ.

ಇವರು ಬಹಳ ಸೊರಗಿದ್ದಾರೆ. ತಮ್ಮ ಕೈಗುಣ ಹೋಯ್ತು ಅಂದುಕೊಂಡಿದ್ದಾರೆ. ಪಾಪ ಅನಿಸುತ್ತೆ, ನಿಲ್ಲಿಸಿಬಿಡೋಣ ಅನ್ಕೋತೀನಿ, ಸಂಜೆಯಾದರೆ ಕಾಲು ತಾನಾಗಿ ಹೋಗುತ್ತೆ. ನೀನು ಇವರಿಗೆ ಹೇಳಕೂಡದು.

ನಿನಗೆ ರಜೆ ಯಾಕೆ ಸಿಗ್ತಿಲ್ಲ ಅಂತಾನೂ ನನಗೆ ಗೊತ್ತು. ಆ ಹುಡುಗಿ ಧ್ವನಿ ಕೇಳೋಕೆ ನಿನಗೆ ಭಯ. ನನಗೂ ಭಯಾನೇ ಕಣೋ, ನಾನು ದಿನಾ ಕೇಳ್ತಿಲ್ವಾ?

ಅಕ್ಕ


ಮಾರ್ಚ್ 12

ಬಾಮೈದ,

ರ್‍ಯಾಮ್ ಹಾಕಿಯೂ ಅದೇ ಕಥೆ. ಮದರ್‌ಬೋರ್ಡ್ ಬದಲಿಸಿದೆ, ಎರಡನೇ ಕಂಪ್ಯೂಟರಿಗೆ ಅಂತ ಎತ್ತಿಟ್ಟಿದ್ದನ್ನೇ ಹಾಕಿದೆ. ಗೋಡೆಯ ಸಾಕೆಟ್ ಬಿಚ್ಚಿ ಹೊಸದು ಕೂರಿಸಿದೆ. ಆ ಕಂಪ್ಯೂಟರಿನಲ್ಲಿ ಮೊದಲಿನದು ಅಂತ ಈಗ ಉಳಿದಿರುವುದು ಹೊರಗಿನ ತಗಡು ಮಾತ್ರ. ಎಲ್ಲವನ್ನೂ ಬದಲಿಸಿದ ಮೇಲೂ ರೋಗ ಹಾಗೇ ಇದೆಯೆಂದರೆ, ಕೆಟ್ಟಿರುವುದು ಜೋಡಿಸಿದವನ ಕೈ ಅಂತಲೇ ಅರ್ಥ.

ಆಸ್ಪತ್ರೆಯ ಸಾಮಾನು ಮಾರುವವನು ಒಂದು ಯಂತ್ರ ತೋರಿಸಿದ. ಅಂಗೈಯಷ್ಟಿದೆ. ಅವಳು ಕೊರಳಿಗೆ ಹಾಕಿಕೊಂಡು ಎಲ್ಲಿ ಬೇಕಾದರೂ ಮಾತಾಡಬಹುದು. ಸ್ಕ್ರೂ ಒಂದೂ ಇಲ್ಲ, ಬಿಚ್ಚುವ ಹಾಗೇ ಇಲ್ಲ, ಕೆಟ್ಟರೆ ಮಾರನೆಯ ದಿನ ಅವರೇ ಬೇರೆಯದು ತಂದುಕೊಡುತ್ತಾರಂತೆ. ತಿಂಗಳ ಕೊನೆಗೆ ಬೇಕು ಅಂತ ಹೇಳಿ ಬಂದಿದ್ದೇನೆ. ಅಲ್ಲಿಯವರೆಗೆ ತಳ್ಳಲು ಇನ್ನೊಂದು ಪವರ್ ಸಪ್ಲೈ ಕಳಿಸು. ಇದೇ ಕೊನೆ. ಆಮೇಲೆ ಒಳಕೋಣೆಯ ಸಾಮಾನನ್ನೆಲ್ಲ ಗುಜರಿಯವನಿಗೆ ಹಾಕುತ್ತೇನೆ.

ಅವಳಿಗೆ ಹೇಳಿದೆ, ಇನ್ನು ಮೇಲೆ ನಾನು ಎದುರಿಗೆ ಕೂತು ನಿನ್ನ ತುಟಿ ನೋಡುವ ಕಾಟ ತಪ್ಪುತ್ತದೆ ಅಂತ. ಅವಳು ಎದ್ದು ಕಿಟಕಿಯ ಹತ್ತಿರದ ಕುರ್ಚಿಗಳನ್ನು ಗೋಡೆಗೆ ಸರಿಸಿಟ್ಟಳು. ಖುಷಿಯಾಗಿರಬೇಕು. ಸಂಜೆಗಳು ಬಿಡುವಾಗುವುದರಿಂದ ನಾನೂ ಪಂಪ್‌ಹೌಸಿನಲ್ಲಿ ಎರಡನೇ ಪಾಳಿ ಕೇಳೋಣವೆಂದಿದ್ದೇನೆ. ಮನೆಯಲ್ಲಿದ್ದು ನನ್ನಿಂದ ಯಾರಿಗೇನು ಉಪಯೋಗ?

ತುಂಬಾ ದಣಿದಿದ್ದೇನೆ. ಅವಳಿಗೊಂದು ಮಾತು ಕೊಡಿಸಬೇಕು ಅಂತಿತ್ತು, ಅದೊಂದೂ ನನ್ನ ಕೈಯಲ್ಲಿ ಆಗಲಿಲ್ಲ.

ನಿನ್ನ ಭಾವ


ಮಾರ್ಚ್ 20

ಭಾವ,

ಕೇಳಿದ್ದನ್ನು ಕಳಿಸಿದ್ದೇನೆ. ಚೆನ್ನಾಗಿ ಪರೀಕ್ಷಿಸಿಯೇ ಕಟ್ಟಿದ್ದೇನೆ.

ಆ ಅಂಗೈ ಯಂತ್ರಕ್ಕೆ ಅವಸರ ಬೇಡ. ಇದು ಸರಿಹೋಗದಿದ್ದರೆ ತಿಳಿಸಿ, ಇನ್ನೊಂದು ಕಳಿಸುತ್ತೇನೆ. ಅದೂ ಆಗದಿದ್ದರೆ ಮತ್ತೊಂದು. ನಮ್ಮ ಓಣಿಯಲ್ಲಿ ಬೇಕಾದಷ್ಟಿವೆ. ಪಾರ್ಸೆಲ್ ತಲುಪುವುದು ನಾಲ್ಕು ದಿನ ತಡವಾದರೂ ತಲೆ ಕೆಡಿಸಿಕೊಳ್ಳಬೇಡಿ, ಸಾವಕಾಶವಾಗಿ ಬರಲಿ. ಸಂಜೆ ಪಾಳಿ ಮಾತ್ರ ಹಿಡಿಯಬೇಡಿ.

ಇನ್ನೇನು ಬರೆಯಲಿ, ತೋಚುತ್ತಿಲ್ಲ.

ನಿಮ್ಮ ಬಾಮೈದ


ಮಾರ್ಚ್ 29

ಬಾಮೈದ,

ನೀನು ಕಳಿಸಿದ್ದು ಸತ್ತಿದೆ. ಗುಂಡಿ ಒತ್ತಿದರೆ ಉಸಿರೇ ಇಲ್ಲ. ಮೀಟರ್ ಹಿಡಿದೆ, ತಂತಿಗಳ ಗೊಂಚಲು ಬಿಡಿಸಿದೆ. ಹಸಿರು ತಂತಿಯನ್ನು, ಏಳು ಅಂತ ಅದಕ್ಕೆ ಹೇಳುವ ಆ ಒಂದೇ ಒಂದು ತಂತಿಯನ್ನು, ಯಾರೋ ಹೊದಿಕೆಯೊಳಗೆ ಕಾಣದ ಹಾಗೆ ಇಕ್ಕಳದಿಂದ ಕತ್ತರಿಸಿದ್ದಾರೆ. ನನ್ನ ಕೈಯಲ್ಲಿ ಭಾಗಗಳು ನಾನಾ ಥರ ಸತ್ತಿವೆ. ಸುಟ್ಟಿವೆ, ಉಬ್ಬಿವೆ, ತುಕ್ಕು ಹಿಡಿದಿವೆ. ಇಕ್ಕಳದಿಂದ ಸತ್ತದ್ದು ಇದೇ ಮೊದಲು. ಗೊತ್ತಿಲ್ಲದವನಾಗಿದ್ದರೆ ಇಡೀ ಗೊಂಚಲನ್ನೇ ಕತ್ತರಿಸುತ್ತಿದ್ದ. ಆ ತಂತಿ ಯಾವುದು ಅಂತ ನಿನಗೆ ತೋರಿಸಿಕೊಟ್ಟವನು ನಾನೇ.

ಮೈಯೆಲ್ಲ ಉರಿದುಹೋಯಿತು. ಇಷ್ಟು ಕಷ್ಟದಲ್ಲಿರುವವನ ಜೊತೆ ಇವನದೇನು ಚೆಲ್ಲಾಟ ಅಂತ ಅದನ್ನು ಹಿಡಿದುಕೊಂಡು ಮುಂದಿನ ಕೋಣೆಗೆ ಹೋದೆ. "ನೋಡು ನಿನ್ನ ತಮ್ಮನ ಘನಕಾರ್ಯ" ಅಂತ ಕತ್ತರಿಸಿದ ತುದಿಯನ್ನು ನಿನ್ನಕ್ಕನ ಕಣ್ಣಿನ ಹತ್ತಿರ ಹಿಡಿದೆ. ಅವಳು ನೋಡಿದಳು. ಭುಜ ಕುಲುಕತೊಡಗಿತು. ನಗುತ್ತಿದ್ದಳು ಕಣೋ. ಸದ್ದಿಲ್ಲದ ನಗು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ನೀರು ಬರುವುದು ನಿಲ್ಲಲಿಲ್ಲ, ನಗು ನಿಂತಿತ್ತು. ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ.

ಎಲ್ಲ ಹೇಳಿದಳು. ಹೆಬ್ಬೆರಳಿನ ವಿಷಯ, ಚಪ್ಪಲಿಯ ವಿಷಯ, ನಿನಗೆ ಬರೆದದ್ದು. ಒಂದೊಂದನ್ನೂ ನಾನು ಅವಳ ತುಟಿಯಿಂದ ತೆಗೆದು ಗಟ್ಟಿಯಾಗಿ ಹೇಳುತ್ತಾ ಹೋದೆ. ಬೆಳಕು ಹೋದ ಮೇಲೆ ದೀಪವನ್ನು ಅವಳ ಮುಖದ ಹತ್ತಿರ ತಂದಿಟ್ಟೆ. ನಾನು ಕೆಟ್ಟವನಲ್ಲ, ನನ್ನ ಕೈಯೂ ಕೆಟ್ಟಿಲ್ಲ ಅಂತ ತಿಳಿದಾಗ ಸಮಾಧಾನವಾಗಬೇಕಿತ್ತು. ಆಗಲಿಲ್ಲ.

ಅಂಗೈ ಯಂತ್ರ ಬೇಡವೆಂದು ಹೇಳಿ ಬಂದೆ. ಸಂಜೆ ಪಾಳಿ ಕೇಳಲಿಲ್ಲ. ಕಂಪ್ಯೂಟರನ್ನು ನಿನ್ನ ಮೊದಲಿನ ಪವರ್ ಸಪ್ಲೈ ಹಾಕಿ ಜೋಡಿಸಿದ್ದೇನೆ, ನಾನಿಲ್ಲದಾಗ ಅವಳಿಗೆ ಬೇಕಾಗುತ್ತದೆ. ಅದಕ್ಕೇನೂ ಆಗಿರಲಿಲ್ಲ, ಆಗುವುದೂ ಇಲ್ಲ. ನೀನು ಇನ್ನು ಮೇಲೆ ಏನೂ ಕಳಿಸಬೇಡ, ರಜೆ ಹಾಕಿ ಬಾ. ಅವಳು ಅನ್ನುವುದನ್ನು ನಾನು ಹೇಳುತ್ತೇನೆ, ಹೆದರಬೇಡ.

ಒಂದು ಮಾತು ಕೇಳದೆ ಇರಲಾಗಲಿಲ್ಲ. "ಇಷ್ಟು ದಿನ ಸುತ್ತಾಡಿಸಿದೆಯಲ್ಲ, ನನಗೆ ನೇರವಾಗಿ ಹೇಳಬಾರದಿತ್ತಾ?" ಅಂದೆ. ಅವಳು ದೀಪವನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಆಮೇಲೆ ಅಂದಳು. ನಾನು ಎಂದಿನ ಹಾಗೆ ಒಂದೊಂದೇ ಮಾತನ್ನು ಹೇಳುತ್ತಾ ಹೋದೆ:

"ಹೇಳಿದ್ದೆ. ನೀವು ಮೊದಲನೇ ಪವರ್ ಸಪ್ಲೈ ಹಾಕಿ ಸರಿಮಾಡಿದ ದಿನವೇ ಹೇಳಿದ್ದೆ. ಒಳಗೆ ಕೂರಬೇಡಿ, ಇಲ್ಲಿ ನನ್ನ ಎದುರಿಗೆ ಬಂದು ಕೂತ್ಕೊಳ್ಳಿ ಅಂತ ಟೈಪ್ ಮಾಡಿ, ಮತ್ತೆ ಮತ್ತೆ ಹೇಳಿಸಿದೆ."

"ನಾನೇನಂದೆ?"

ಅದನ್ನೂ ಅವಳ ತುಟಿಯಿಂದ ಓದಿ ನಾನೇ ಹೇಳಬೇಕಾಯಿತು:

"ಈಗ ಧ್ವನಿ ಸ್ಪಷ್ಟವಾಗಿ ಬರ್ತಿದೆ ಅಂದ್ರಿ."

ನಿನ್ನ ಭಾವ